ಅಮ್ಮನಿಗೆಂದೇ ಆರಿಸಿದ ಪುಸ್ತಕ

ಐವತ್ತರ ದಶಕದ ಕೊನೆಯಲ್ಲಿ ಆಂಡರ್ಸನ್‌ಪೇಟೆಯ ನಮ್ಮ ಲೈಬ್ರರಿಯವನಿಗೆ ಒಂದು ಹುಚ್ಚಿತ್ತು. ಬಂಗಾರಪೇಟೆಯಿಂದ ರೈಲಿನಲ್ಲಿ ಹೊಸ ಪುಸ್ತಕಗಳ ಕಟ್ಟು ಬಂದ ಕೂಡಲೇ ಯಾವುದು ಯಾರಿಗೆ ಎಂದು ತಾನೇ ತೀರ್ಮಾನಿಸುತ್ತಿದ್ದ. ಕತೆ, ಕಾದಂಬರಿ ಅವನಿಗೆ ಸೇರದು, ನಿಜ ಸಂಗತಿಯೇ ಆಗಬೇಕು. ಚಿನ್ನದ ಗಣಿಯ ಧೂಳು ಕುಡಿದು ಕೆಮ್ಮುವವನಿಗೆ ಶ್ವಾಸಕೋಶದ ಪುಸ್ತಕ, ಮಕ್ಕಳಿಲ್ಲದವಳಿಗೆ ಶಿಶುಪಾಲನೆಯದು. "ನಿಮಗೇ ಬರೆದಂಗಿದೆ" ಎಂದು ಎಲ್ಲರೆದುರು ಕೈಗಿಡುವನು. ಜನ ಅದನ್ನೂ ಉಪಕಾರವೆಂದು ಕೈಮುಗಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಓದು ಬಾರದವರನ್ನು ಭಾನುವಾರ ಜಗಲಿಯಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಹೇಳುವನು. ಕೇಳುವವರ ಮುಖ ನೋಡಿ ನಡುವೆ ತಮಿಳು, ತೆಲುಗು ಬೆರೆಸುವನು.

ನಾವು ಬೂದಿಕೋಟೆ ಕಡೆಯಿಂದ ಗಣಿಕೂಲಿಗೆ ಬಂದವರು. ಅಪ್ಪ ಒಳಗೆ ಬಂಡೆ ಸಿಡಿದು ಸತ್ತು ಎಷ್ಟೋ ವರ್ಷವಾಗಿತ್ತು. ಹಾಗೆ ಸತ್ತವರ ಮನೆಗೆ ಬಂದು ಮೇಸ್ತ್ರಿ ಹೇಳುವ ಮಾತು ಒಂದೇ: "ಒಂದೇ ಏಟ್ಗೆ ಹೋದ ಕಣಮ್ಮ, ನೋವೇ ಗೊತ್ತಾಗ್ಲಿಲ್ಲ." ಕೇರಿಯ ವಿಧವೆಯರೆಲ್ಲ ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ಸಮಾಧಾನಪಡುತ್ತಿದ್ದರು. ಆ ಒಂದು ಮಾತನ್ನು ನಂಬಿಯೇ ಅಮ್ಮ ಜೀವ ಹಿಡಿದುಕೊಂಡು ನನ್ನನ್ನು ಓದಿಸಿ ಟೀಚರ್ ಮಾಡಿದ್ದಳು.

ಕೆಲಸ ಮುಗಿಸಿ ತನ್ನ ದೇಶಕ್ಕೆ ಮರಳಿದ್ದ ಗಣಿಯ ದೊರೆಯೊಬ್ಬನ ನೆನಪುಗಳ ಪುಸ್ತಕ ಬಂತು. ಲೈಬ್ರರಿಯವನು ಮನೆಗೇ ಓಡಿಬಂದ. "ಅಮ್ಮಾ, ನಿಮ್ಮ ಯಜಮಾನರು ಹೋದ ದಿನದ್ದು ಇದರಲ್ಲಿ ಪ್ರಿಂಟಾಗಿದೆ. ನೀವು ಕೇಳಲೇಬೇಕು."

ಅಮ್ಮ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟಳು. ಪುಸ್ತಕದ ಮೇಲಿಡಲು ಕನಕಾಂಬರ ಕಟ್ಟಿದಳು. ನೆರೆಹೊರೆಯ ವಿಧವೆಯರನ್ನೂ ಕರೆದುಕೊಂಡು ಲೈಬ್ರರಿಯ ಜಗಲಿಗೆ ಹೋದಳು.

ಅವನು ಗಂಟಲು ಸರಿಮಾಡಿಕೊಂಡು ಹೇಳತೊಡಗಿದ. ಕುಸಿದ ಬಂಡೆಯ ಆಚೆಯಿಂದ ಯಾರೋ ಬಡಿಯುವ ಸದ್ದು ಬರುತ್ತಿತ್ತಂತೆ. ಮತ್ತೆ ಕುಸಿದೀತೆಂಬ ಭಯಕ್ಕೆ ಯಾರೂ ಅಗೆಯಲಿಲ್ಲವಂತೆ. ದೊರೆ ಮತ್ತು ಅವನ ಜನ ಕೇಳುತ್ತಾ ಕೂತರಂತೆ, ಸದ್ದು ನಿಲ್ಲುವವರೆಗೆ.

"ಬಡೀತಿದ್ನಾ?" ಎಂದಳು ಅಮ್ಮ.

"ಹೂಂ ಅಮ್ಮಾ, ರಾತ್ರಿಯೆಲ್ಲ. ಎಷ್ಟು ಚೆನ್ನಾಗಿ ಬರೆದಿದಾನೆ ನೋಡಿ!"

ಹೂವು ಅಮ್ಮನ ಮಡಿಲಲ್ಲೇ ಉಳಿಯಿತು. ಪಕ್ಕದಲ್ಲಿದ್ದ ವಿಧವೆಯರು ಒಬ್ಬೊಬ್ಬರಾಗಿ ಎದ್ದುಹೋದರು. ಆ ಲೈಬ್ರರಿಯವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಂದಿನಿಂದ ನಮ್ಮ ಬಾಗಿಲನ್ನು ಯಾರೂ ಬಡಿಯುವಂತಿರಲಿಲ್ಲ. ಬೀದಿಯಲ್ಲೇ ನಿಂತು ಕೂಗಬೇಕಿತ್ತು. ಹಾಲಿನವಳಿಂದ ಹಿಡಿದು ಇಡೀ ಕೇರಿಗೆ ಇದು ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಮಳೆ ಹೊಡೆಯುತ್ತಿದ್ದ ಒಂದು ಸಂಜೆ ಬಾಗಿಲು ದಬದಬ ಬಡಿದ ಸದ್ದಾಯಿತು. "ಅಮ್ಮಾ, ಇನ್ನೊಂದು ಹೊಸ ಪುಸ್ತಕ ಬಂದಿದೆ! ನಿಮಗೇ ಬರೆದಂಗಿದೆ! ನೆನೀತಿದೆ, ಬಾಗಿಲು ತೆಗೀರಿ!"

ನಾನು ಅಗುಳಿ ತೆಗೆಯಲು ಎದ್ದೆ. ಅಮ್ಮ ನನ್ನ ಕೈ ಹಿಡಿದು ಕೂರಿಸಿದಳು.

"ತೆಗೀಬ್ಯಾಡ," ಎಂದಳು. "ಸದ್ದು ನಿಲ್ಲೋಗಂಟ ಕೇಳಾನ."