ಮತಗಟ್ಟೆಗೆ ಬಂದ ಮಾರಿಬಿಕ್

ಮಾರಿಬಿಕ್‌ಳನ್ನು ಪುರಿಂಗ್ ಟೀಚರು ಮೊದಲ ಸಲ ನೋಡಿದ್ದು ೧೯೯೭ರ ಮೇ ತಿಂಗಳಲ್ಲಿ, ಬರಂಗಾಯ್, ಎಂದರೆ ಹಳ್ಳಿ ಪಂಚಾಯಿತಿಯ, ಚುನಾವಣೆಯ ಬೆಳಿಗ್ಗೆ. ಶಾಲೆಯ ಎರಡನೆಯ ತರಗತಿಯ ಕೋಣೆಯೇ ಮತಗಟ್ಟೆ. ಅದೇ ಕೋಣೆಯಲ್ಲಿ ಟೀಚರು ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದ್ದರು; ಮತಗಟ್ಟೆಯ ಅಧ್ಯಕ್ಷೆಯಾಗಿ ಹಲವು ಚುನಾವಣೆಗಳನ್ನು ನಡೆಸಿದ್ದರು. ಖಾಲಿ ಪೆಟ್ಟಿಗೆಯನ್ನು ಎಲ್ಲರಿಗೂ ತೋರಿಸಿ ಇನ್ನೇನು ಬೀಗ ಹಾಕಬೇಕು ಎನ್ನುವಾಗ ತೆಳ್ಳನೆಯ ಹುಡುಗಿಯೊಬ್ಬಳು ಮುಂದೆ ಬಂದು, ಒಳಗೆ ಕೈಹಾಕಿ, ತಳವನ್ನು ಬೆರಳಿನಿಂದ ತಟ್ಟಿ ನೋಡಿದಳು.

“ಅಡಿಯಲ್ಲಿ ಇನ್ನೊಂದು ತಳ ಇದೆಯೇನೋ ಅಂತ ನೋಡಿದೆ, ಮ್ಯಾಮ್.”

“ಇದೆಯಾ?”

“ಸದ್ಯಕ್ಕೆ ಇಲ್ಲ.”

ಆ ‘ಸದ್ಯಕ್ಕೆ’ ಟೀಚರಿಗೆ ಮುಳ್ಳಿನಂತೆ ಚುಚ್ಚಿತು. ವಿಚಾರಿಸಿದರೆ ಹುಡುಗಿ ಪಕ್ಕದ ಹಳ್ಳಿಯ ಒಣಮೀನಿನ ವ್ಯಾಪಾರಿಯ ಮಗಳು, ಇಲೊಯಿಲೊ ಪಟ್ಟಣದ ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿದ್ದಾಳೆ. ಚರ್ಚಿನವರು ಅವಳನ್ನು ವೀಕ್ಷಕಳಾಗಿ ಕಳಿಸಿದ್ದರು. ಮುದ್ರೆ ಒತ್ತಿದ ಪತ್ರವೇನೋ ಸರಿಯಾಗಿತ್ತು. ಆದರೂ ಸೋಲುವ ಭಯವಿರುವ ಯಾರೋ ಇವಳನ್ನು ಬಿಟ್ಟಿದ್ದಾರೆ ಎಂಬ ಗುಮಾನಿ ಟೀಚರ ತಲೆಯನ್ನು ಹೊಕ್ಕಿತು. ಹುಡುಗಿಗೂ ಅವರ ಮೇಲೆ ಅಷ್ಟೇ ಗುಮಾನಿ. ಸತ್ತು ಎರಡು ವರ್ಷವಾಗಿದ್ದ ಅವಳ ಅಜ್ಜಿ ಹಿಂದಿನ ಚುನಾವಣೆಯಲ್ಲಿ ಬಂದು ಮತ ಹಾಕಿ ಹೋಗಿದ್ದಳು. ಅಂದಿನಿಂದ ಅವಳಿಗೆ ಯಾರ ಮೇಲೂ ನಂಬಿಕೆಯಿಲ್ಲ.

ಕಿಟಕಿಯ ಬಳಿ, ಮಕ್ಕಳ ಗಿಡ್ಡ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ಮಾರಿಬಿಕ್ ಕಂಡದ್ದನ್ನೆಲ್ಲ ಬರೆಯತೊಡಗಿದಳು. ಟೀಚರು ಮನೆಯಿಂದ ತಂದಿದ್ದ, ತಾಳೆಗರಿಯಲ್ಲಿ ಸುತ್ತಿದ ಅಕ್ಕಿಯ ಇಬೊಸ್ ಕೊಟ್ಟರೆ, “ಇದನ್ನ ಯಾರು ಕಳಿಸಿದ್ದು?” ಎಂದು ಕೇಳಿದಳು.

“ನನ್ನ ಮಗಳು ಮಾಡಿದ್ದು.”

“ಅವರು ಯಾರ ಕಡೆ?”

ಬಾಗಿಲ ಬಳಿ ಇದ್ದ, ಊರಿಗೆಲ್ಲ ‘ಮನೋಂಗ್’, ಎಂದರೆ ಅಣ್ಣ, ಆಗಿದ್ದ ಓನ್ಯೋಕ್ ನಕ್ಕುಬಿಟ್ಟ. ಅವನು ಅಧಿಕಾರದಲ್ಲಿದ್ದ ಕಪಿತಾನನ, ಎಂದರೆ ಊರ ಮುಖಂಡನ, ಏಜೆಂಟು. “ಇಂದಾಯ್, ಮಗಳೇ, ಬಿಸಿಲು ಏರೋದ್ರೊಳಗೆ ತಿಂದುಬಿಡು. ಅನ್ನಕ್ಕೆ ಪಕ್ಷ ಇರಲ್ಲ,” ಎಂದ. ಹುಡುಗಿ ಮುಟ್ಟಲಿಲ್ಲ.

ಮತದಾನ ಶುರುವಾಯಿತು. ಬಂದವರಲ್ಲಿ ಮುಕ್ಕಾಲು ಪಾಲು ಟೀಚರ ಹಳೆಯ ವಿದ್ಯಾರ್ಥಿಗಳು. ಹಿರಿಯರನ್ನು ಕಂಡರೆ ಅವರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳದೆ ಮುಂದೆ ಹೋಗುವವರು ಆ ಊರಿನಲ್ಲಿಲ್ಲ. ಮತಪತ್ರ ತೆಗೆದುಕೊಳ್ಳುವಾಗ ಒಮ್ಮೆ, ಬರೆದು ಮಡಿಸಿ ತಂದು ಒಪ್ಪಿಸುವಾಗ ಇನ್ನೊಮ್ಮೆ ಬಾಗಿದರು. ಟೀಚರು ಒಬ್ಬೊಬ್ಬರಿಗೂ ಬಲಗೈ ನೀಡಿ, “ನಿನ್ನ ಹೆಂಡತಿಗೆ ಹೆರಿಗೆ ಆಯ್ತಾ? ನಿಮ್ಮಪ್ಪನ ಕೆಮ್ಮು ಹೇಗಿದೆ?” ಎಂದು ಕೇಳುತ್ತಿದ್ದರು. ಎಡಗೈಗೆ ಬಂದ ಮತಪತ್ರವನ್ನು ಪಕ್ಕದ ಗುಮಾಸ್ತೆಗೆ ದಾಟಿಸುತ್ತಿದ್ದರು. ಅವಳು ಸಂಖ್ಯೆಯಿದ್ದ ಅಂಚನ್ನು ಹರಿದು ಪತ್ರವನ್ನು ಪೆಟ್ಟಿಗೆಗೆ ಹಾಕುತ್ತಿದ್ದಳು.

ಒಂಬತ್ತು ಗಂಟೆಗೆ ಮಾರಿಬಿಕ್ ಮೇಜಿನ ಮುಂದೆ ಬಂದು ನಿಂತಳು.

“ಮ್ಯಾಮ್, ನಿಮ್ಮ ಬಲಗೈ ತೋರಿಸ್ತೀರಾ?”

ಟೀಚರು ಅಂಗೈ ಬಿಚ್ಚಿದರು. ಬೆರಳಿನ ಶಾಯಿಯ ನೇರಳೆ ಕಲೆ ಬಿಟ್ಟರೆ ಏನೂ ಇರಲಿಲ್ಲ.

“ಚಿನ್ನ ಏನಾದ್ರೂ ಸಿಕ್ತಾ, ಇಂದಾಯ್?” ಎಂದ ಓನ್ಯೋಕ್. ಹುಡುಗಿ ಕೆಂಪಗಾಗಿ ಹಿಂದಕ್ಕೆ ಹೋಗಿ ಕೂತಳು. ಕಾಲೇಜು ಮೆಟ್ಟಿಲು ಹತ್ತಿದವರಿಗೆ ಕಣ್ಣು ನೆತ್ತಿಗೆ ಹೋಗುತ್ತದೆ ಎಂದುಕೊಂಡ ಟೀಚರು ಮುಂದಿನವನಿಗೆ ಕೈ ನೀಡಿದರು.

ಹತ್ತು ಗಂಟೆ ದಾಟಿದ ಮೇಲೆ ಅವಳು ಮತ್ತೆ ಎದ್ದು ಬಂದಳು. ಈ ಸಲ ಬಗ್ಗಿ, ಟೀಚರ ಕಿವಿಯಲ್ಲಷ್ಟೇ ಹೇಳಿದಳು.

“ನಿಮ್ಮ ಕೈ ನೋಡ್ತಾ ಕೂತು ತಪ್ಪು ಮಾಡಿದೆ, ಮ್ಯಾಮ್. ಕೊಟ್ಟ ಮತಪತ್ರದ ಸಂಖ್ಯೆಯೂ ವಾಪಸ್ ಬಂದದ್ದರ ಸಂಖ್ಯೆಯೂ ಒಂದೇನಾ ಅಂತ ನೋಡಬೇಕಾದವರು ನೀವು. ಬೆಳಿಗ್ಗೆಯಿಂದ ಒಂದನ್ನೂ ನೋಡಿಲ್ಲ. ಅವರು ಬಾಗ್ತಾರೆ, ನೀವು ಕೈ ಕೊಡ್ತೀರ, ಕಾಗದ ದಾಟಿ ಹೋಗುತ್ತೆ.”

“ನಾನು ಅಕ್ಷರ ಕಲಿಸಿದ ಮಕ್ಕಳು ಇವರು.”

“ಅದಕ್ಕೇ ಹೇಳಿದ್ದು.”

ಟೀಚರಿಗೆ ಮೈ ಉರಿಯಿತು. ಆದರೆ ಅಷ್ಟರಲ್ಲಿ ಎಲ್ಮೆರ್ ಮತಪತ್ರ ಮಡಿಸಿಕೊಂಡು ಬಂದ. ಇವನು ತರಗತಿಯಲ್ಲಿ ದಿನವೂ ಅವರಿಗೆಂದು ಮಲ್ಲಿಗೆ ತರುತ್ತಿದ್ದ ಹುಡುಗ. ಈಗ ಮೀನಿನ ದೋಣಿಯಲ್ಲಿ ಕೂಲಿ. ಅವನು ತಲೆ ಬಾಗಿಸಿದ. ಟೀಚರು ಕೈ ನೀಡಲಿಲ್ಲ. ಕನ್ನಡಕ ಸರಿಮಾಡಿಕೊಂಡು ಅಂಚಿನ ಸಂಖ್ಯೆ ಓದಿದರು. ಅವನಿಗೆ ಕೊಟ್ಟದ್ದು ೧೧೨. ಅವನು ತಂದದ್ದು ೧೦೯.

ಎಲ್ಮೆರ್ ಬಾಗಿದ ತಲೆಯನ್ನು ಎತ್ತಲೇ ಇಲ್ಲ. “ಜೇಬಲ್ಲಿರೋದನ್ನ ತೆಗೆ, ಮಗ,” ಎಂದರು. ಖಾಲಿ ೧೧೨ ಹೊರಗೆ ಬಂತು.

ಈ ಉಪಾಯ ಹಳೆಯದು. ಮೊದಲನೆಯವನು ಬೇರೆ ಯಾವುದೋ ಕಾಗದ ಮಡಿಸಿ ಒಪ್ಪಿಸಿ, ಖಾಲಿ ಮತಪತ್ರವನ್ನು ಹೊರಗೊಯ್ಯುತ್ತಾನೆ. ಹೊರಗಿನವರು ಅದರಲ್ಲಿ ತಮಗೆ ಬೇಕಾದ ಹೆಸರು ಬರೆದು ಇನ್ನೊಬ್ಬನ ಕೈಗೆ ಕೊಡುತ್ತಾರೆ. ಅವನು ಅದನ್ನು ಒಳಗೆ ಕೊಟ್ಟು, ತನಗೆ ಸಿಕ್ಕ ಖಾಲಿಯದನ್ನು ಅವರಿಗೆ ತಂದೊಪ್ಪಿಸುತ್ತಾನೆ. ಇದನ್ನು ತಡೆಯುವುದು ಆ ಸಂಖ್ಯೆಯೊಂದೇ. ಅಧ್ಯಕ್ಷೆಯ ಕೈಯನ್ನು ಭಕ್ತಿಯಿಂದ ಹಿಡಿದುಕೊಂಡರೆ ಅವರ ಕಣ್ಣೂ ಕೈಯ ಹಿಂದೆಯೇ ಹೋಗುತ್ತದೆಂದು ಲೆಕ್ಕ ಹಾಕಿದವನಿಗೆ ಊರೂ ಗೊತ್ತಿತ್ತು, ಟೀಚರೂ ಗೊತ್ತಿದ್ದರು.

ಓನ್ಯೋಕ್ ಮೆಲ್ಲಗೆ ಮೇಜಿಗೆ ಒರಗಿದ. “ಮ್ಯಾಮ್, ಆ ಎರಡೂ ಕಾಗದ ಹರಿದು ಎಸೆದುಬಿಡಿ. ಇವನಿಗೆ ಬೈದು ಮನೆಗೆ ಕಳಿಸಿ. ಪುಸ್ತಕದಲ್ಲಿ ಬರೆದರೆ ಮೊದಲು ಕುತ್ತಿಗೆಗೆ ಬರೋದು ನಿಮಗೇ. ನಿವೃತ್ತಿಗೆ ಇನ್ನೆಷ್ಟು, ಮೂರು ವರ್ಷ?”

ಮಾತು ಸುಳ್ಳಲ್ಲ. ವಿಚಾರಣೆಯಾದರೆ ಪಿಂಚಣಿಗೆ ಕುತ್ತು, ಹೆಸರಿಗೂ ಕುತ್ತು. ಮಾರಿಬಿಕ್ ಅವರ ಮುಖವನ್ನೇ ನೋಡುತ್ತಿದ್ದಳು, ಪೆಟ್ಟಿಗೆಯ ತಳ ತಟ್ಟಿದಾಗ ಇದ್ದ ಅದೇ ನೋಟದಿಂದ.

“ನಾನು ದೂರು ಬರೀಲಾ, ಮ್ಯಾಮ್?” ಎಂದು ಕೇಳಿದಳು.

“ನೀನು ಯಾಕೆ ಬರೀತೀಯ? ನೋಡದೆ ಹೋದವಳು ನಾನು,” ಎಂದ ಟೀಚರು ನಡಾವಳಿ ಪುಸ್ತಕ ಎಳೆದುಕೊಂಡರು. ಮಕ್ಕಳಿಗೆ ಕಾಪಿ ಬರೆಸುವಷ್ಟು ದುಂಡಾಗಿ, ಏಳು ಗಂಟೆಯಿಂದ ಹತ್ತೂಕಾಲರವರೆಗೆ ತಾವು ಸಂಖ್ಯೆ ನೋಡಲಿಲ್ಲವೆಂದೂ, ತಪ್ಪು ತಮ್ಮದೇ ಎಂದೂ ಬರೆದು ಸಹಿ ಹಾಕಿದರು. ಸಾಕ್ಷಿಯ ಸಹಿ ಮಾರಿಬಿಕ್‌ಳದು.

ಸಂಜೆ ಎಣಿಕೆಯಲ್ಲಿ ಮತಪತ್ರಗಳ ನಡುವೆ ಕ್ಯಾಲೆಂಡರಿನ ಹಾಳೆಯೊಂದು ಸಿಕ್ಕಿತು. ಕಪಿತಾನ್ ಹತ್ತೊಂಬತ್ತು ಮತಗಳಿಂದ ಗೆದ್ದ. ಸೋತವನು ನ್ಯಾಯಾಲಯಕ್ಕೆ ಹೋದ. ಟೀಚರ ಮೇಲೆ ಏಳು ತಿಂಗಳು ಇಲಾಖೆಯ ವಿಚಾರಣೆ ನಡೆಯಿತು. ಹುಡುಗಿಯನ್ನು ಸಾಕ್ಷಿಗೆ ಕರೆದಾಗ, ಇವಳು ಏನು ಹೇಳಿಬಿಡುತ್ತಾಳೋ ಎಂದು ಟೀಚರು ಜಪಮಾಲೆಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದರು.

“ಮೂರೂಕಾಲು ಗಂಟೆ ಅವರು ಸಂಖ್ಯೆ ನೋಡಲಿಲ್ಲ. ಅದರಲ್ಲಿ ಎರಡು ಗಂಟೆ ನಾನೂ ನೋಡಲಿಲ್ಲ, ಅವರ ಅಂಗೈ ನೋಡ್ತಿದ್ದೆ,” ಎಂದಳು ಮಾರಿಬಿಕ್. “ಗೊತ್ತಾದ ಕೂಡಲೇ ಬರೆದವರು ಅವರೇ. ಬೇಡ ಅಂದವರು ಯಾರು ಅಂತಲೂ ಹೇಳ್ತೀನಿ, ಬರ್ಕೊಳ್ಳಿ.”

ಟೀಚರಿಗೆ ಲಿಖಿತ ಛೀಮಾರಿಯಾಯಿತು. ಪಿಂಚಣಿ ಉಳಿಯಿತು. ಮತಗಟ್ಟೆಯ ಅಧ್ಯಕ್ಷಗಿರಿ ಮತ್ತೆ ಬರಲಿಲ್ಲ. ಅದಕ್ಕೆ ಅವರು ಕೊರಗಿದ್ದುಂಟು.

ಮಾರಿಬಿಕ್ ಈಗ ಪ್ರಾಂತ್ಯದ ಒಂದು ನ್ಯಾಯಾಲಯದಲ್ಲಿ ಗುಮಾಸ್ತೆ. ಚುನಾವಣಾ ತಕರಾರುಗಳ ಪೆಟ್ಟಿಗೆಗಳೆಲ್ಲ ಅವಳ ಸುಪರ್ದಿನಲ್ಲಿವೆ. ಬೀಗದ ಕೈ ಕೊರಳಿನಲ್ಲೇ ಇರುತ್ತದೆ; ಮಧ್ಯಾಹ್ನದ ಬುತ್ತಿಯನ್ನೂ ಆ ಕೋಣೆಯ ಬಾಗಿಲಲ್ಲೇ ಬಿಚ್ಚುತ್ತಾಳೆ. “ಹೊರಗೆ ಗಾಳಿಗೆ ಹೋಗಿ ಬನ್ನಿ, ಮನಾಂಗ್. ಪೆಟ್ಟಿಗೆಗೇನು ಕಾಲು ಬರುತ್ತಾ?” ಎನ್ನುತ್ತಾನೆ, ಅವಳನ್ನು ಹಾಗೆ ಅಕ್ಕನೆಂದೇ ಕರೆಯುವ ಕಾವಲುಗಾರ. ಅವಳು ಊಟ ಮುಗಿಸಿ, ಕೈ ತೊಳೆದು ಬಂದು, ಅರಗಿನ ಮುದ್ರೆಗಳನ್ನು ಒಂದೊಂದಾಗಿ ನೋಡುತ್ತಾಳೆ.