ಮುಂದಿನ ಸ್ಟಾಪಲ್ಲಿ ಇಳಿಯೋಣ

"ಬಸ್ಸಲ್ಲಿ ಊರು ಸುತ್ತಿಸೋದಕ್ಕೆ ಸಂಬಳ ಕೊಡ್ತಾರೇನ್ರೀ ನಿಮಗೆ?"

"ಕೊಡ್ತಾರೆ. ನೀವು ಅಡ್ಡ ಬರದಿದ್ರೆ ಆ ಸಂಬಳಕ್ಕೊಂದು ಅರ್ಥಾನೂ ಇರ್ತಿತ್ತು."

"ನನ್ನ ಮಗಳು ನಡುಗ್ತಾ ಇದ್ಲು! ಕಣ್ಣು ಕಾಣಲ್ವಾ ನಿಮಗೆ?"

"ಕಾಣ್ತಿತ್ತು. ಪಕ್ಕದಲ್ಲೇ ಕೂತಿದ್ದೆ. ಇನ್ನೊಂಚೂರು ಹೊತ್ತು ಬಿಟ್ಟಿದ್ರೆ ಆ ನಡುಕ ತಾನಾಗೇ ಇಳೀತಿತ್ತು. ಅಷ್ಟರಲ್ಲಿ ನೀವು ಬಂದು ಮಗಳನ್ನೇ ಇಳಿಸಿಬಿಟ್ರಿ."

ಬೆಳಗಿನ ಮೊದಲ ಬಸ್ಸು ಹೊಗೆ ಉಗುಳಿ ಹೊರಟುಹೋಗಿದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಸ್ಟಾಪಿನ ತಗಡಿನ ಚಾವಣಿಯ ಕೆಳಗೆ ಹಾಲಿನ ಕ್ಯಾನು ಇಟ್ಟುಕೊಂಡು ಕೂತವರೆಲ್ಲ ಬಿಟ್ಟ ಕಣ್ಣು ಬಿಟ್ಟಂತೆ ಈ ಜಗಳ ನೋಡುತ್ತಿದ್ದಾರೆ. ಕೂಗಾಡುತ್ತಿರುವ ಗಂಡಸು ಟ್ರ್ಯಾಕ್ಟರ್ ಮೆಕ್ಯಾನಿಕ್. ಬಸ್ಸಿನ ಹಿಂದೆಯೇ ಬೈಕಿನಲ್ಲಿ ಬಂದು, ಮಗಳನ್ನು ಕೈ ಹಿಡಿದು ಕೆಳಗಿಳಿಸಿಕೊಂಡಿದ್ದಾನೆ. ಹದಿನಾರರ ಆ ಹುಡುಗಿ ಬೈಕಿನ ಹಿಂದಿನ ಸೀಟಿನಲ್ಲಿ ಶಾಲೆಯ ಚೀಲಕ್ಕೆ ಮುಖ ಒತ್ತಿಕೊಂಡು ಕೂತಿದ್ದಾಳೆ. ಎದುರು ನಿಂತು ಒಂದಕ್ಕೆರಡು ಮಾತು ತಿರುಗಿಸುತ್ತಿರುವ ಹೆಂಗಸು ಸರ್ಕಾರಿ ಆಸ್ಪತ್ರೆಯಲ್ಲಿ ಹರೆಯದ ಮಕ್ಕಳ ಮನೋಚಿಕಿತ್ಸಕಿ. ಸುತ್ತಲ ಹಳ್ಳಿಗಳವರ ಬಾಯಲ್ಲಿ 'ಮಾತಿನ ಡಾಕ್ಟ್ರು'.

"ನಾಳೆಯಿಂದ ಬೇಡ. ಸ್ಕೂಲೂ ಬೇಡ, ನಿಮ್ಮ ಬಸ್ಸೂ ಬೇಡ. ಮನೇಲಿ ಆರಾಮಾಗಿರ್ತಾಳೆ," ಎಂದು ಗಾಡಿ ತಿರುಗಿಸುತ್ತಾನೆ ಆತ.

"ಸಂಜೆ ನಿಮ್ಮ ಗ್ಯಾರೇಜಿಗೆ ಬರ್ತೀನಿ," ಎನ್ನುತ್ತಾರೆ ಇವರು.

"ಬರೋದು ಬೇಡ!"

"ಬಂದೇ ಬರ್ತೀನಿ. ಟೀ ಕೊಡಬೇಡಿ, ಅಷ್ಟೇ."

ಮಾತಿನ ಡಾಕ್ಟ್ರಿಗೆ ನಲವತ್ತು ದಾಟಿದೆ. ಬಸ್ಸು ಹೋಗಿ ತಿರುಗುವಷ್ಟು ದೂರದ ಎಲ್ಲ ಹಳ್ಳಿಗಳಿಗೂ ಇವರೊಬ್ಬರೇ. ಔಷಧಿ ಬರೆಯುವ ಡಾಕ್ಟರು ತಾನಲ್ಲ, ಮನಶ್ಶಾಸ್ತ್ರ ಓದಿದವಳು ಎಂದು ಮೊದಮೊದಲು ಎಲ್ಲರಿಗೂ ತಿದ್ದಿ ಹೇಳುತ್ತಿದ್ದರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇವರೂ ಕೈಬಿಟ್ಟರು. ಮಾತಾಡುವುದೂ ಒಂದು ನೌಕರಿಯೇ ಎಂಬುದು ಮನೆಯಲ್ಲಿ ಅತ್ತೆಗೆ ಇನ್ನೂ ಅರಗಿಲ್ಲ. "ಹಾಗಾದ್ರೆ ಇಷ್ಟು ವರ್ಷ ನಾನು ಮಾತಾಡಿದ್ದಕ್ಕೆ ಒಂದು ಪಿಂಚಣಿನಾದ್ರೂ ಬರ್ಬೇಕಿತ್ತಲ್ಲೇ," ಎನ್ನುತ್ತಾರಂತೆ ಅತ್ತೆ. "ನೀವು ಕೇಳಿಸಿಕೊಂಡಿದ್ರೆ ಬರ್ತಿತ್ತು ಅತ್ತೆ," ಎಂದು ಸೊಸೆಯ ಉತ್ತರ. ಇಬ್ಬರ ಜೋಡಿ ಚೆನ್ನಾಗಿದೆ.

ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿದೆ. ಮೊದಲು ಮುರಿದ ಮಂಚ ತುಂಬುತ್ತಿದ್ದ ಜಾಗ. ಬಾಗಿಲಿಗೆ ಬೋರ್ಡಿಲ್ಲ. ಬೋರ್ಡು ಬರೆಸಲು ಮಂಜೂರಾತಿ ಬಂದಿತ್ತು, ಇವರೇ ಬೇಡವೆಂದರು. "ಬೋರ್ಡ್ ಹಾಕಿದ ದಿನ ಹುಡುಗರು ಬರೋದು ನಿಲ್ಲುತ್ತೆ. ಯಾರ ಮಗ ಯಾವ ಬಾಗಿಲಿಂದ ಹೊರಗೆ ಬಂದ ಅಂತ ಇಲ್ಲಿ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತೆ," ಎನ್ನುತ್ತಾರೆ. ತಪಾಸಣೆಗೆ ಬಂದ ಅಧಿಕಾರಿಗಳು ಬೋರ್ಡು ಯಾಕಿಲ್ಲ ಎಂದು ಪ್ರತಿ ಸಲ ಕೇಳುತ್ತಾರೆ. ಬಾಗಿಲಿಗೆ ಚಿಲಕ ಯಾಕಿಲ್ಲ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಚಿಲಕವಿಲ್ಲದ ಬಾಗಿಲ ಹಿಂದೆ ಹದಿನೇಳರ ಹುಡುಗನೊಬ್ಬ ಬದುಕು ಬೇಡವೆನಿಸಿದ್ದನ್ನು ಬಾಯಿಬಿಟ್ಟು ಹೇಳಬೇಕು! ಕೊನೆಗೆ ಆಸ್ಪತ್ರೆಯ ಆಯಾನೇ ಹೊರಗೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಯಾರಾದರೂ ಇಣುಕಲು ಬಂದರೆ, "ಒಳಗೆ ಇಲಿ ಔಷಧಿ ಇಟ್ಟಿದೀವಿ, ಹೋಗ್ರೀ," ಎಂದು ಗದರಿಸುತ್ತಾರೆ.

ಒಳಗೆ ಎರಡೇ ಕುರ್ಚಿ, ಒಂದೇ ಎತ್ತರದವು. ಎದುರುಬದುರು ಹಾಕಿಲ್ಲ, ಎರಡೂ ಕಿಟಕಿಯ ಕಡೆ ಮುಖ ಮಾಡಿವೆ. ಡಬ್ಬವೊಂದರ ತುಂಬ ಕೆಟ್ಟ ಬೀಗ, ನಿಂತ ಗಡಿಯಾರ, ಒಂದು ಸ್ಕ್ರೂಡ್ರೈವರ್. ಬಂದ ಹುಡುಗರ ಕೈಗೆ ಇವರು ಮೊದಲು ಕೊಡುವುದು ಇದನ್ನೇ. "ನನ್ನ ಮುಖ ನೋಡ್ಕೊಂಡು ಹೇಳು ಅಂದ್ರೆ ಯಾವ ಹುಡುಗನೂ ಹೇಳಲ್ಲ. ಬೀಗ ಬಿಚ್ಚೋವಾಗ ಮಧ್ಯದಲ್ಲಿ ಒಂದು ಮಾತು ಬರುತ್ತೆ. ನಾನು ಅದಕ್ಕೆ ಕಾಯ್ತೀನಿ." ದಿನಕ್ಕೆ ಆರೇಳು ಮಂದಿ ಬರುತ್ತಾರೆ, ಪರೀಕ್ಷೆ ಹತ್ತಿರವಾದರೆ ಹತ್ತು. ನಿದ್ದೆ ಬಿಟ್ಟವರು, ಊಟ ಬಿಟ್ಟವರು, ಮಾತೇ ಬಿಟ್ಟವರು. ಎಲ್ಲರೂ ಗೆದ್ದು ಹೋಗಿಲ್ಲ. ಒಬ್ಬ ಹುಡುಗನ ವಿಷಯ ಅವನ ಸೋದರಮಾವನ ಬಾಯಿಂದ ಊರೆಲ್ಲ ಹರಡಿ, ಅವನು ಬರುವುದೇ ನಿಂತುಹೋಯಿತು. "ಅವನ ಮನೆ ಬಾಗಿಲಿಗೆ ಹೋದೆ. ತೆಗೀಲಿಲ್ಲ. ಈಗಲೂ ಹೋಗ್ತಿರ್ತೀನಿ," ಎನ್ನುತ್ತಾರೆ. ಅದರ ಬಗ್ಗೆ ಅಷ್ಟೇ ಮಾತು.

ಮೆಕ್ಯಾನಿಕ್ಕನ ಮಗಳದ್ದು ಹೊಟ್ಟೆಯ ಕಾಯಿಲೆ ಎಂದೇ ಮೊದಲು ಎಲ್ಲರೂ ತಿಳಿದಿದ್ದರು. ಇದನ್ನು ಬರೆಯಲು ಅವಳು, ಅಪ್ಪ ಇಬ್ಬರೂ ಒಪ್ಪಿದ್ದಾರೆ. "ಬರೀರಿ, ಆದ್ರೆ ವಾಂತಿ ವಿಷಯ ಜಾಸ್ತಿ ಬೇಡ," ಎಂಬುದು ಅವಳ ಷರತ್ತು. ತುಂಬಿದ ಬಸ್ಸಿನಲ್ಲಿ ಒಂದು ದಿನ ಎದೆ ಹೊಡೆದುಕೊಂಡು, ಉಸಿರು ಸಿಕ್ಕಿಕೊಂಡು, ಕಣ್ಣು ಕತ್ತಲೆ ಬಂದು ಬಿದ್ದಳು. ಸುತ್ತ ನಿಂತವರಲ್ಲಿ ಯಾರೋ ನಕ್ಕರು. ಮಾರನೇ ದಿನದಿಂದ ಬಸ್ಸಿನ ಹಾರನ್ನು ಕೇಳಿದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಹೊಟ್ಟೆಗೆ ಮಾತ್ರೆ, ಸ್ಕ್ಯಾನು, ಪಥ್ಯ ಎಲ್ಲ ಆಯಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅಪ್ಪ ಕೆಲಸ ಬಿಟ್ಟು ಬೈಕಿನಲ್ಲಿ ಶಾಲೆಗೆ ಬಿಡತೊಡಗಿದ. ಕೆಲವು ದಿನಕ್ಕೆ ಬೈಕೂ ಆಗದಾಯಿತು. ಆಮೇಲೆ ಬೀದಿಯ ತುದಿಯೂ ದೂರವಾಯಿತು. ಶಾಲೆಯಿಂದ ಹೇಳಿ ಕಳಿಸಿದರು: ಇನ್ನೂ ಹೀಗೇ ತಪ್ಪಿಸಿಕೊಂಡರೆ ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ.

ಕೊನೆಗೆ ಅಪ್ಪ ಅವಳನ್ನು ಹೇಗೋ ಆಸ್ಪತ್ರೆಯ ಆ ಕೋಣೆಗೆ ಕರೆತಂದ. ಮಾತಿನ ಡಾಕ್ಟ್ರು ಅಲ್ಲಿ ಕೂತು ಮಾತಾಡಿದ್ದು ಕೆಲವೇ ವಾರ. ಆಮೇಲೆ, "ನಡಿ, ಬಸ್ಸಲ್ಲೇ ಮಾತಾಡೋಣ," ಎಂದರು. ಮೊದಲ ದಿನ ನಿಂತ ಬಸ್ಸು ಹತ್ತಿ ಇಳಿಯುವುದು. ಇನ್ನೊಂದು ದಿನ ಒಂದು ಸ್ಟಾಪು. ಅದು ಬೇಸರ ಬರುವ ತನಕ ಅದೇ ಸ್ಟಾಪು. ಆಮೇಲೆ ಎರಡು. ಕಂಡಕ್ಟರ್ ಮೊದಮೊದಲು, "ಎಲ್ಲಿಗೆ ಅಂತ ಗೊತ್ತಿಲ್ದೆ ಟಿಕೆಟ್ ಹೇಗೆ ಹರೀಲಿ ಅಕ್ಕಾ? ನನ್ನ ಕೆಲಸ ಕಳೀಬೇಕಂತಿದೀರಾ?" ಎಂದು ಸಿಡುಕುತ್ತಿದ್ದ. ವಿಷಯ ಒಂದಿಷ್ಟು ಅರ್ಥವಾದ ಮೇಲೆ ಬಾಗಿಲ ಹತ್ತಿರದ ಸೀಟಿನಲ್ಲಿ ತನ್ನ ಚೀಲ ಇಟ್ಟು ಕಾಯ್ದಿರಿಸತೊಡಗಿದ.

ಮೂರನೇ ಸ್ಟಾಪಿನ ದಿನವೇ ಅಪ್ಪ ತಡೆಯಲಾಗದೆ ಹಿಂದೆ ಬಂದದ್ದು.

ಆ ಸಂಜೆ ಗ್ಯಾರೇಜಿನಲ್ಲಿ ಆತ ತಲೆ ಎತ್ತುವುದಿಲ್ಲ. ಬಿಚ್ಚಿಟ್ಟ ಎಂಜಿನ್ನಿನ ಮುಂದೆ ಕೂತು ಸ್ಪ್ಯಾನರು ತಿರುಗಿಸುತ್ತಲೇ ಇರುತ್ತಾನೆ. ಮಾತಿನ ಡಾಕ್ಟ್ರು ತಲೆಕೆಳಗಾದ ಎಣ್ಣೆ ಡಬ್ಬದ ಮೇಲೆ ಕೂರುತ್ತಾರೆ.

"ಬೆಳಗ್ಗೆ ಜೋರಾಗಿ ಮಾತಾಡಿಬಿಟ್ಟೆ," ಎನ್ನುತ್ತಾನೆ ಆತ.

"ನಾನೇನು ಕಮ್ಮಿ ಮಾತಾಡಿದ್ನಾ?"

"ಹೆತ್ತ ಕರುಳು, ಡಾಕ್ಟ್ರೇ. ಮಗು ಒದ್ದಾಡೋದನ್ನ ಹೇಗೆ ನೋಡ್ಕೊಂಡಿರ್ಲಿ?"

"ನೋಡಬೇಡಿ ಅಂತ ಹೇಳೋಕೇ ಬಂದಿದ್ದು. ನೀವು ಬೈಕ್ ತಗೊಂಡು ಬಂದಾಗಲೆಲ್ಲ ಅವಳಿಗೆ ಏನನ್ಸುತ್ತೆ ಗೊತ್ತಾ? ಅಪ್ಪನೇ ಇಷ್ಟು ಹೆದರಿ ಓಡಿ ಬಂದಿದಾರೆ ಅಂದ್ಮೇಲೆ ನಿಜವಾಗ್ಲೂ ಏನೋ ಆಗುತ್ತೆ ಅನ್ಸುತ್ತೆ."

ಸ್ಪ್ಯಾನರು ನಿಲ್ಲುತ್ತದೆ.

"ಏನಾದ್ರೂ ಆಗಿಬಿಟ್ರೆ?"

"ಎದೆ ಹೊಡ್ಕೊಳ್ಳುತ್ತೆ. ಬೆವರುತ್ತೆ. ಅಳ್ತಾಳೆ. ನನ್ನ ಕೈ ಉಗುರಲ್ಲಿ ಪರಚ್ತಾಳೆ, ನೋಡಿ ಇಲ್ಲಿ. ಅದಕ್ಕಿಂತ ಹೆಚ್ಚೇನೂ ಆಗಲ್ಲ. ಅದನ್ನ ಅವಳೇ ಕಂಡುಕೊಳ್ಳಬೇಕು. ನಾನು ಹೇಳಿದ್ರೂ ಪ್ರಯೋಜನ ಇಲ್ಲ, ನೀವು ಹೇಳಿದ್ರೂ ಇಲ್ಲ."

ಆತ ಸುಮಾರು ಹೊತ್ತು ಬಟ್ಟೆ ಚಿಂದಿಯಲ್ಲಿ ಬೆರಳು ಒರೆಸಿಕೊಳ್ಳುತ್ತಾನೆ. ಬೆರಳು ಯಾವಾಗಲೋ ಒಣಗಿದೆ. "ನನ್ನನ್ನ ನಾನೇ ನಂಬಲ್ಲ ಡಾಕ್ಟ್ರೇ. ಬಸ್ಸಿನ ಶಬ್ದ ಕೇಳಿದ್ರೆ ಕಾಲು ತಾನಾಗೇ ಕಿಕ್ ಹೊಡೆಯುತ್ತೆ," ಎನ್ನುತ್ತಾನೆ. ಆಮೇಲೆ ಜೇಬಿನಿಂದ ಬೈಕಿನ ಬೀಗದ ಕೈ ತೆಗೆದು ಇವರ ಕೈಗೆ ಹಾಕುತ್ತಾನೆ. ಒಳಗಿನಿಂದ ಹುಡುಗಿಯ ಅಮ್ಮ, "ಇನ್ನೊಂದು ಕೀ ಮೇಲಿನ ಗೂಡಲ್ಲಿದೆ, ಅದನ್ನೂ ತಗೊಂಡು ಹೋಗಿ," ಎಂದು ಕೂಗುತ್ತಾರೆ. ಆಮೇಲೆ ಟೀ ಬರುತ್ತದೆ.

ಮಾರನೇ ಬೆಳಗ್ಗೆ ಬಸ್ಸು ಮೂರನೇ ಸ್ಟಾಪು ತಲುಪುವ ಹೊತ್ತಿಗೆ ಹುಡುಗಿ ಮುಂದಿನ ಸೀಟಿನ ಸರಳು ಹಿಡಿದು ಬಿಳಿಚಿಕೊಂಡಿದ್ದಾಳೆ.

"ಹತ್ತಕ್ಕೆ ಎಷ್ಟು?" ಎಂದು ಕೇಳುತ್ತಾರೆ ಇವರು. ಭಯಕ್ಕೆ ಅಂಕ ಕೊಡುವುದು ಇವರಿಬ್ಬರ ಲೆಕ್ಕಾಚಾರ.

"ಹತ್ತು. ಹನ್ನೊಂದು. ಆಂಟಿ, ಇಳಿಯೋಣ."

"ಇಳಿಯೋಣ. ಮುಂದಿನ ಸ್ಟಾಪಲ್ಲಿ ಇಳಿಯೋಣ."

"ಸುಳ್ಳು! ನಿನ್ನೇನೂ ಹಾಗೇ ಹೇಳಿದ್ರಿ!"

"ನಿನ್ನೆ ಎಲ್ಲಿ ಮುಂದಿನ ಸ್ಟಾಪು ಬಂತು? ಬೈದ್ಕೋ ಬೇಕಾದ್ರೆ."

ಅವಳು ಬೈಯುತ್ತಾಳೆ. ಹಲ್ಲು ಕಚ್ಚಿಕೊಂಡು, ಕಣ್ಣೀರು ಸುರಿಸಿಕೊಂಡು, ಮಾತಿನ ಡಾಕ್ಟ್ರನ್ನು, ಕಂಡಕ್ಟರನ್ನು, ಬಸ್ಸು ಕಂಡುಹಿಡಿದವನನ್ನು ಬೈಯುತ್ತಾಳೆ. ಇವರು ಸಮಾಧಾನ ಮಾಡುವುದಿಲ್ಲ, ಬೆನ್ನು ಸವರುವುದಿಲ್ಲ. ಕಿಟಕಿಯಾಚೆ ನೋಡುತ್ತ ಆಗಾಗ ಎಷ್ಟು ಎಂದು ಮಾತ್ರ ಕೇಳುತ್ತಾರೆ. ಗಟ್ಟಿ ಮನಸ್ಸಿಲ್ಲದವರಿಂದ ಆಗುವ ಕೆಲಸವಲ್ಲ ಇದು. ಇಟ್ಟಿಗೆ ಗೂಡು ದಾಟುವಾಗ ಒಂಬತ್ತು. ಸೇತುವೆಯ ಮೇಲೆ ಮತ್ತೆ ಹತ್ತು. ಸೇತುವೆ ಇಳಿದು ತಿರುವು ತೆಗೆದುಕೊಳ್ಳುವಾಗ ಅವಳು ಉತ್ತರವನ್ನೇ ಕೊಡುವುದಿಲ್ಲ.

"ಎಷ್ಟು ಅಂತ ಕೇಳಿದೆ."

"ತಾಳಿ ಆಂಟಿ, ನೋಡ್ತಾ ಇದೀನಿ... ಆರು? ಆರೇ ಇದೆ. ಅದು ಹೇಗೆ?"

"ನನ್ನನ್ನ ಯಾಕೆ ಕೇಳ್ತೀಯ? ನಾನೇನು ಮಾಡಿದೆ? ಸುಮ್ನೆ ಕೂತಿದ್ದೆ."

ಮುಂದಿನ ಸ್ಟಾಪು ಬಂತು. ಇಳಿಯುವುದು ಇಬ್ಬರಿಗೂ ಮರೆತುಹೋಗಿತ್ತು. ಗ್ಯಾರೇಜಿನಲ್ಲಿ ಅಪ್ಪ ಆ ಹೊತ್ತಿಗೆ ಒಂದೇ ಕಾರ್ಬುರೇಟರನ್ನು ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚಿ ಕೂತಿದ್ದನಂತೆ.

ಆಮೇಲಿನದು ಒಂದೇ ಏಟಿಗೆ ಸರಿಹೋಗಲಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಒಮ್ಮೆ ಬಾಗಿಲ ಹತ್ತಿರದ ಸೀಟು, ಒಮ್ಮೆ ನಡುವಿನ ಸೀಟು, ಒಮ್ಮೆ ಸಂತೆಯ ದಿನದ ನೂಕುನುಗ್ಗಲಿನಲ್ಲಿ ನಿಂತೇ. ಒಂದು ಬೆಳಗ್ಗೆ ಇವರು ಹಿಂದಿನ ಸೀಟಿಗೆ ಹೋಗಿ ಕೂತರು. ಇನ್ನೊಂದು ಬೆಳಗ್ಗೆ ಬಸ್ಸನ್ನೇ ಹತ್ತಲಿಲ್ಲ, ಕೆಳಗೆ ನಿಂತು ಕೈ ಬೀಸಿದರು. ಪರೀಕ್ಷೆಗೆ ಬೇಕಾದಷ್ಟು ಹಾಜರಿ ಕೂದಲೆಳೆಯ ಅಂತರದಲ್ಲಿ ಕೂಡಿಬಂತು. ಹುಡುಗಿ ಪರೀಕ್ಷೆಗೆ ಕೂರುತ್ತಿದ್ದಾಳೆ.

ಇಂಥ ಕೆಲಸಕ್ಕೆ ಹಾರ ಹಾಕುವವರಿಲ್ಲ. ಹುಷಾರಾದವರು ಊರ ಮುಂದೆ ನಿಂತು ಹೇಳಿಕೊಳ್ಳುವ ಕಾಯಿಲೆಯೂ ಅಲ್ಲ. ಮಾತಿನ ಡಾಕ್ಟ್ರಿಗೆ ಅದರ ಕೊರಗಿಲ್ಲ. "ದಾರೀಲಿ ಸಿಕ್ಕರೆ ನಾನಾಗಿ ಯಾವ ಮಗೂನೂ ಮಾತಾಡಿಸಲ್ಲ. ಅವರಾಗಿ ಮಾತಾಡಿಸಿದ್ರೆ ಮಾತ್ರ," ಎನ್ನುತ್ತಾರೆ. "ಬಾಗಿಲಿಗೆ ಒಂದು ಚಿಲಕ ಹಾಕಿಸಿಕೊಡ್ಲಿ, ಇನ್ನೊಬ್ಬರನ್ನ ಕೆಲಸಕ್ಕೆ ತಗೊಳ್ಳಲಿ. ಅಷ್ಟು ಸಾಕು ನನಗೆ."

ಇದನ್ನು ಹೇಳುತ್ತಿರುವುದು ಬೆಳಗಿನ ಬಸ್ಸಿನಲ್ಲೇ. ಈಗ ಇನ್ನೊಂದು ಹಳ್ಳಿಯಲ್ಲಿ, ಮನೆಯಿಂದ ಹೊರಗೆ ಕಾಲಿಡದ ಹುಡುಗನೊಬ್ಬನನ್ನು ನೋಡಲು ಹೊರಟಿದ್ದಾರೆ. ಹಿಂದಿನ ಸೀಟಿನಲ್ಲಿ ಶಾಲೆಯ ಹುಡುಗಿಯರ ಗುಂಪೊಂದು ಯಾರನ್ನೋ ಅಣಕಿಸಿ ಬಿದ್ದು ಬಿದ್ದು ನಗುತ್ತಿದೆ. ಶಾಲೆಯ ಸ್ಟಾಪು ಬರುತ್ತದೆ. ಗುಂಪು ಒಬ್ಬರನ್ನೊಬ್ಬರು ತಳ್ಳಿಕೊಂಡು ಬಾಗಿಲಿಗೆ ನುಗ್ಗುತ್ತದೆ. ಎಲ್ಲರಿಗಿಂತ ಜೋರಾಗಿ ನಗುತ್ತಿರುವವಳು ಮೆಕ್ಯಾನಿಕ್ಕನ ಮಗಳು.

"ಆಂಟಿ, ಸ್ವಲ್ಪ ಕಾಲು ತೆಗೀರಿ," ಎನ್ನುತ್ತಾಳೆ, ಯಾರೋ ಅಪರಿಚಿತರಿಗೆ ಹೇಳಿದಂತೆ.

ಮಾತಿನ ಡಾಕ್ಟ್ರು ಕಾಲು ಒಳಗೆಳೆದುಕೊಳ್ಳುತ್ತಾರೆ. ಹುಡುಗಿ ಬಸ್ಸಿಳಿದು, ಗೆಳತಿಯ ಹೆಗಲ ಮೇಲೆ ಕೈ ಹಾಕಿಕೊಂಡು, ಹಿಂತಿರುಗಿ ನೋಡದೆ ಗೇಟಿನೊಳಗೆ ಹೊರಟುಹೋಗುತ್ತಾಳೆ.