ಕರಾವಳಿಯ ಮೋಡ ಮತ್ತು ಖಾಲಿ ಬಾಟಲಿ

ಈ ಚಳಿಗಾಲದಲ್ಲಿ ಹೊನ್ನಾಳಿ ಬಸ್ಸಿನಲ್ಲಿ ನಾನೊಂದು ವಾದ ಗೆದ್ದೆ. ಅದರಿಂದ ನಮ್ಮ ಮನೆತನಕ್ಕೆ ಆದ ನಷ್ಟದ ವರದಿ ಇದು.

ನ್ಯಾಮತಿಯಲ್ಲಿ ಬೆಳಗ್ಗೆ ಬಸ್ ಹತ್ತಿದರೆ ಒಳಗೆ ಬರೀ ಮಂಕಿಕ್ಯಾಪ್‌ಗಳು. ಕಂಡಕ್ಟರ್ ಮುಖದಲ್ಲಿ ಮೂಗೊಂದೇ ಡ್ಯೂಟಿ ಮಾಡುತ್ತಿತ್ತು. ನನ್ನ ಮುಂದಿನ ಸೀಟಿನ ಯಜಮಾನರು ಮೊಬೈಲಿನಲ್ಲಿ ಹವಾಮಾನ ವರದಿಯನ್ನು ಇಡೀ ಬಸ್ಸಿಗೆ ಕೇಳುವ ಹಾಗೆ ಹಾಕಿದ್ದರು. (ಇಯರ್‌ಫೋನ್ ಎಂಬುದು ಸ್ವಾರ್ಥಿಗಳ ವಸ್ತು ಎಂದು ನಮ್ಮ ಕಡೆ ನಂಬಿಕೆ.) ಕರಾವಳಿ ಮತ್ತು ಅದರ ಪಕ್ಕದ ಜಿಲ್ಲೆಗಳಲ್ಲಿ ಮೋಡ, ಅಲ್ಲಲ್ಲಿ ಹಗುರ ಮಳೆ. ಉಳಿದ ಒಳನಾಡಿನಲ್ಲಿ ಒಣಹವೆ, ಚಳಿ ಹೆಚ್ಚಳ. ಅಷ್ಟೇ ವರದಿ. ಮಗುವಿಗೂ ಅರ್ಥವಾಗುತ್ತದೆ.

"ಚಳಿ ಇನ್ನೂ ಜಾಸ್ತಿ ಆಗ್ತೈತಂತೆ ನೋಡ್ರಿ" ಅಂದರು ಯಜಮಾನರು.

ಅಲ್ಲಿಗೆ ಅವರು ಚಳಿಯ ಪರ ನಿಂತಂತಾಯಿತು. ನಾನೇನು ಮಾಡಲಿ? ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಎದುರಿನವರು ಪರ ಅಂದರೆ ನನ್ನ ಬಾಯಿ ನನ್ನನ್ನು ಕೇಳದೆ ವಿರೋಧ ಅನ್ನುತ್ತದೆ.

"ಇಲ್ಲ ಯಜಮಾನ್ರೇ, ಮೋಡ ನಮ್ಮ ಕಡೆಗೂ ಬರ್ತೈತೆ. ಘಟ್ಟ ಹತ್ತಾಕೆ ಮೋಡಕ್ಕೇನು ಟಿಕೆಟ್ ಬೇಕಾ?"

"ಮೊಬೈಲ್‌ನಾಗೆ ಹೇಳಿದ್ರಲ್ಲವ್ವಾ..."

"ಅದೇ ಮೊಬೈಲು ಚನ್ನಗಿರಿಗೂ ಜಗಳೂರಿಗೂ ಒಂದೇ ಡಿಗ್ರಿ ತೋರಿಸ್ತೈತೆ. ಒಂದು ಕಡೆ ಗದ್ದೆ ತುಂಬ ಚಾನೆಲ್ ನೀರು, ಇನ್ನೊಂದು ಕಡೆ ಕುರಿ ಮೇಯೋ ಬಯಲು. ಎರಡೂ ಒಂದೇನಾ? ನ್ಯಾಮತಿ ತಾಲ್ಲೂಕಾಗಿದ್ದು ಅದಕ್ಕಿನ್ನೂ ಗೊತ್ತೇ ಇಲ್ಲ! ಅದನ್ನ ನಂಬ್ತೀರಾ?"

"ಮೇಡಂ ಪಾಯಿಂಟ್ ಐತೆ" ಅಂತು ಕಂಡಕ್ಟರರ ಮೂಗು.

ಯಜಮಾನರು ಟವೆಲ್ಲನ್ನು ಕಿವಿವರೆಗೆ ಎಳೆದುಕೊಂಡು "ಆಗ್ಲಿ ಬಿಡವ್ವಾ, ಮೋಡಾನೇ ಬರ್ಲಿ" ಅಂದರು. ನಿದ್ದೆ ಮಾಡಬೇಕಿತ್ತು ಪಾಪ. ನಾನದನ್ನು ವಿಜಯವೆಂದು ಬರೆದುಕೊಂಡೆ.

ವಾದ ಗೆಲ್ಲುವುದರಲ್ಲಿ ಒಂದು ಅಪಾಯವಿದೆ. ಸೋತವರು ನಂಬುವುದಿಲ್ಲ, ಗೆದ್ದವರು ನಂಬಿಬಿಡುತ್ತಾರೆ. ಹೊನ್ನಾಳಿಯಲ್ಲಿ ಇಳಿಯುವ ಹೊತ್ತಿಗೆ ನನಗೆ ಆಕಾಶದಲ್ಲಿ ನಿಜಕ್ಕೂ ಮೋಡ ಕಾಣುತ್ತಿತ್ತು. (ಗೂಡಂಗಡಿಯ ಒಲೆಯ ಹೊಗೆ ಎಂದು ಆಮೇಲೆ ತಿಳಿಯಿತು.)

ಸರಿಯಾಗಿ ಆಗಲೇ ಬಿಳಿಚೋಡಿನಿಂದ ಚಿಕ್ಕಮ್ಮನ ಫೋನು.

"ಲಾಯರಮ್ಮಾ, ಕಡಲೆ ಹೊಲಕ್ಕೆ ಪಂಚೆ ಹಾಸಲೇನೇ? ಟಿವಿಯಾಗೆ ಒಮ್ಮೆ ಮೋಡ ಅಂತಾರೆ, ಒಮ್ಮೆ ಚಳಿ ಅಂತಾರೆ. ನೀನು ಓದಿದಾಕಿ, ಹೇಳು."

ನಾನು ಲಾಯರಲ್ಲ. ಮನೆಯವರು ಬೈಯುವ ಬದಲು ಹಾಗೆ ಕರೆಯುತ್ತಾರೆ.

ಪಂಚೆಯ ವಿಷಯ ಹೇಳಬೇಕು. ಮಾಗಿ ಚಳಿಯಲ್ಲಿ ಕಡಲೆ ಗಿಡದ ಮೇಲೆ ಸಂಜೆ ಒಗೆದ ಬಿಳಿ ಪಂಚೆ ಹಾಸುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಇಬ್ಬನಿ ಕುಡಿದು ತೊಪ್ಪೆಯಾಗಿರುತ್ತದೆ. ಬರೀ ಇಬ್ಬನಿಯಲ್ಲ, ಕಡಲೆ ಎಲೆಯ ಹುಳಿ ಬೆರೆತದ್ದು. ಅದನ್ನು ಹಿಂಡಿ ಬಾಟಲಿಗೆ ತುಂಬಿಟ್ಟರೆ ವರ್ಷವಿಡೀ ಹೊಟ್ಟೆನೋವಿಗೆ ಔಷಧಿ. (ಇದಕ್ಕೆ ಪುರಾವೆ ಏನು ಎಂದು ಕೇಳಿದ್ದಕ್ಕೆ ಒಮ್ಮೆ ನನ್ನ ಬಾಯಿಗೆ ಒಂದು ಚಮಚ ಹಾಕಿದ್ದರು. ಪುರಾವೆ ಸಿಗಲಿಲ್ಲ. ಸಂಜೆವರೆಗೆ ನಾಲಿಗೆಯೂ ಸಿಗಲಿಲ್ಲ.) ಮೋಡ ಕವಿದರೆ ಇಬ್ಬನಿ ಬೀಳುವುದಿಲ್ಲ. ಮಳೆ ಬಂದರೆ ಹುಳಿ ತೊಳೆದು ಹೋಗುತ್ತದೆ.

ಆದರೆ ಚಿಕ್ಕಮ್ಮನ ಚಿಂತೆ ಹೊಟ್ಟೆನೋವಿನದಲ್ಲ, ಅಕ್ಕನದು. ನಮ್ಮವ್ವನಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ದೊಡ್ಡಮ್ಮ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ, ಚಿಕ್ಕಮ್ಮ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಒಂದು ಮದುವೆಯ ಸ್ಟೇಜಿನಲ್ಲಿ ಫೋಟೋಕ್ಕೆ ಒಬ್ಬರು ಇನ್ನೊಬ್ಬರನ್ನು ಕರೆಯಲಿಲ್ಲ ಎಂದು ಇಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದಾರೆ. ಯಾರು ಯಾರನ್ನು ಕರೆಯಲಿಲ್ಲ ಎಂಬುದಕ್ಕೆ ಎರಡು ಆವೃತ್ತಿಗಳಿವೆ. ನಮ್ಮವ್ವ ನ್ಯಾಮತಿಯಲ್ಲಿ ಕೂತ ತಟಸ್ಥ ರಾಷ್ಟ್ರ. ಮಾತು ನಿಂತರೂ ಒಂದು ನಿಂತಿರಲಿಲ್ಲ. ಮಾಗಿಯಲ್ಲಿ ಬಿಳಿಚೋಡಿನಿಂದ ಒಂದು ಬಾಟಲಿ ಹುಳಿ ಕತ್ತಲಗೆರೆಗೆ ಹೋಗುತ್ತದೆ, ಕತ್ತಲಗೆರೆಯಿಂದ ಹೊಸ ಅಕ್ಕಿ ಬಿಳಿಚೋಡಿಗೆ ಹೋಗುತ್ತದೆ. ಹೊರುವವಳು ನಾನು. ಆ ಬಾಟಲಿಯೂ ನಿಂತರೆ ಅಕ್ಕತಂಗಿಯ ಸಂಬಂಧ ಮುಗಿದಂತೆ.

ಇಷ್ಟೆಲ್ಲ ಗೊತ್ತಿದ್ದೂ ಹೇಳಿದೆ. "ಬ್ಯಾಡ ಚಿಕ್ಕಮ್ಮ. ಮೋಡ ಬರ್ತೈತೆ. ಒಂದು ವಾರ ಬಿಟ್ಟು ಹಾಸು."

ಆ ವಾರದಷ್ಟು ಸ್ವಚ್ಛ ಆಕಾಶವನ್ನು ನಾನು ಜನ್ಮದಲ್ಲಿ ನೋಡಿಲ್ಲ. ಬೀದಿಬೀದಿಯಲ್ಲಿ ಬೆಂಕಿ ಕಾಯಿಸುವವರು. ಬೆಳಗ್ಗೆ ನನ್ನ ಸ್ಕೂಟಿಯ ಸೀಟಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಒರೆಸಿ, "ಇದು ಲೋಕಲ್" ಅಂದುಕೊಂಡು ಹೊರಡುತ್ತಿದ್ದೆ. ಫೋನ್ ಮಾಡಿ "ತಪ್ಪಾಯ್ತು, ಹಾಸು" ಅನ್ನಬಹುದಿತ್ತಲ್ಲ? ಅನ್ನಬಹುದಿತ್ತು. ಆದರೆ ಗೆದ್ದ ವಾದವನ್ನು ಯಾರಾದರೂ ವಾಪಸ್ ಕೊಡುತ್ತಾರಾ?

ಅಷ್ಟರಲ್ಲಿ ಬಿಳಿಚೋಡಿನಲ್ಲಿ ಕಡಲೆ ಗಿಡ ಒಣಗುತ್ತಾ ಬಂತು. ಆಳು ಸಿಕ್ಕರು ಎಂದು ಚಿಕ್ಕಪ್ಪ ಇಡೀ ಹೊಲ ಕೀಳಿಸಿಬಿಟ್ಟರು.

"ಮೋಡ ಎಲ್ಲಿಗೆ ಬಂತವ್ವಾ?" ಚಿಕ್ಕಮ್ಮನ ಫೋನು. "ಹೊನ್ನಾಳಿಯಾಗೆ ಬಸ್ ತಪ್ಪಿಸ್ಕೊಂಡೈತೇನು?"

ಆಕೆಯ ದನಿ ಸಣ್ಣದಾಯಿತು. "ಬೇಕಂತಲೇ ಕಳಿಸಿಲ್ಲ ಅಂತ ಆಕಿ ತಿಳ್ಕೊಂತಾಳೆ. ನೀನೇ ಹೋಗಿ ಹೇಳು."

ಅವ್ವ ಅಟ್ಟದ ಮೇಲಿಂದ ಹುಳಿ ಒಯ್ಯುವ ಖಾಲಿ ಬಾಟಲಿ ಇಳಿಸಿ ನನ್ನ ಕೈಗಿಟ್ಟಳು. ತಟಸ್ಥ ರಾಷ್ಟ್ರ ಮೊದಲ ಬಾರಿ ಕ್ರಮ ಕೈಗೊಂಡಿತ್ತು.

ಕತ್ತಲಗೆರೆಯಲ್ಲಿ ದೊಡ್ಡಮ್ಮ ಜಗಲಿಯ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಾಟಲಿ ಇಸಿದುಕೊಂಡು ಬಿಸಿಲಿಗೆ ಎತ್ತಿ ಹಿಡಿದರು. ಆಚೆ ಬದಿಯ ತೆಂಗಿನಮರ ಸ್ಪಷ್ಟವಾಗಿ ಕಾಣುತ್ತಿತ್ತು.

"ಖಾಲಿ ಐತಲ್ಲೇ." ಬಾಟಲಿ ಮೆಲ್ಲಗೆ ಕೆಳಗಿಟ್ಟರು. "ಮುಗೀತು ಅಂತ ಹೇಳಿ ಕಳಿಸಿದಾಳೇನು?"

ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ. "ಹಂಗಲ್ಲ ದೊಡ್ಡಮ್ಮ. ಇದಕ್ಕೆ ಮೂರು ಕಾರಣ. ಮೊದಲನೆಯದಾಗಿ, ಅರಬ್ಬಿ ಸಮುದ್ರದ ಮೇಲೆ..."

"ಸಮುದ್ರ ಅಲ್ಲೇ ಇರ್ಲಿ. ಆಕಿ ಪಂಚೆ ಹಾಸಿದ್ಲೋ ಇಲ್ಲೋ?"

"ಇಲ್ಲ."

"ಯಾಕೆ?"

"ನಾನು ಬ್ಯಾಡ ಅಂದೆ."

ನನ್ನ ಜೀವಮಾನದ ಅತಿ ಚಿಕ್ಕ ಭಾಷಣ. ದೊಡ್ಡಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹುಟ್ಟಿದಾಗಿಂದ ನನ್ನ ಮಾತೇ ಕೇಳ್ದಾಕಿ, ನಿನ್ನ ಮಾತು ಕೇಳಿದ್ಲಾ? ಸುಳ್ಳು. ಹಚ್ಚು ಫೋನು!"

ಹಚ್ಚಿದೆ. ಸ್ಪೀಕರ್ ಹಾಕಿದೆ. ಆ ಕಡೆ ಚಿಕ್ಕಮ್ಮ "ಹೇಳವ್ವಾ, ಏನಂದ್ಲು?" ಅಂದಳು.

ದೊಡ್ಡಮ್ಮ ನೇರ ವಿಷಯಕ್ಕೆ ಬಂದರು. "ಏನೇ, ಈ ಹುಡುಗಿ ಮಾತು ಕೇಳಿ ಪಂಚೆ ಮಡಚಿಟ್ಟಿಯಂತೆ? ಬುದ್ಧಿ ಎಲ್ಲಿಟ್ಟಿದ್ದೀ?"

ದೊಡ್ಡಮ್ಮ ಆಗಲೇ ಸುಲಿದಿದ್ದ ಸಿಪ್ಪೆಯನ್ನೇ ಎತ್ತಿಕೊಂಡು ಮತ್ತೆ ಸುಲಿಯತೊಡಗಿದರು.

"ಓದಿದಾಕಿ ಅಂತ ನಂಬಿದ್ನೇ ಅಕ್ಕಾ" ಅಂತು ಫೋನು.

"ಓದಿದಾಕಿ! ಹೋದ ಸಲ ಬಂದಾಗ ಹಾಲು ಇನ್ನೂ ಉಕ್ಕಲ್ಲ ಅಂತ ಒಲೆ ಮುಂದೆ ನಿಂತು ವಾದ ಮಾಡಿದ್ಲು. ಉಕ್ಕಿ ಗ್ಯಾಸೇ ಆರಿ ಹೋತು."

"ನಮ್ಮನೇಲಿ ಏನು ಕಮ್ಮಿ ಮಾಡಿದಾಳೇನು? ಕೇಳಿಲ್ಲಿ..."

ಆಮೇಲೆ ಇಬ್ಬರೂ ನನ್ನ ಬಾಲ್ಯದಿಂದ ಶುರು ಮಾಡಿದರು. ನಾನು ನಾಲ್ಕು ಸಲ "ಪಾಯಿಂಟ್ ಆಫ್ ಆರ್ಡರ್" ಅನ್ನಲು ಬಾಯಿ ತೆರೆದೆ. ಯಾರೂ ತಿರುಗಿ ನೋಡಲಿಲ್ಲ. ನಗು, ಬೈಗುಳ, ಮತ್ತೆ ನಗು. ಮದುವೆ ಫೋಟೋದ ಮಾತು ಒಂದು ಗಳಿಗೆ ಬಂತು. "ಅದಿರ್ಲಿ ಬಿಡು" ಅಂದರು ಒಬ್ಬರು, ಯಾರೆಂದು ನೆನಪಿಲ್ಲ. ಮತ್ತೆ ನನ್ನ ಮೇಲೆ ಬಂದರು. ಚಾರ್ಜ್ ಮುಗಿಯುವವರೆಗೂ ಬೈದರು. ಅದು ನನ್ನದೇ ಫೋನು.

ಹೊರಟಾಗ ಸ್ಕೂಟಿಗೆ ಅಕ್ಕಿಯ ಚೀಲ ಬಂದು ಕೂತಿತು. ಬಾಟಲಿಯನ್ನು ಮಾತ್ರ ದೊಡ್ಡಮ್ಮ ಇಟ್ಟುಕೊಂಡರು. ಮುಂದಿನ ಮಾಗಿಗೆ ತಾವೇ ಬಿಳಿಚೋಡಿಗೆ ಒಯ್ಯುತ್ತಾರಂತೆ. "ನಿನ್ನ ಕೈಯಾಗೆ ಕೊಟ್ರೆ ಮತ್ತೆ ಮೋಡ ಕವಿತೈತೆ."

ಹವಾಮಾನ ವರದಿ ಅಕ್ಷರಶಃ ಸರಿಯಾಗಿತ್ತು. ಟವೆಲ್ಲಿನ ಯಜಮಾನರೂ ಸರಿಯಾಗಿದ್ದರು. ತಪ್ಪಿದ್ದು ನಾನೊಬ್ಬಳೇ. ಆದರೂ ಯೋಚಿಸಿ, ನಾನು ಸರಿಯಾಗಿ ಹೇಳಿದ್ದರೆ ಏನಾಗುತ್ತಿತ್ತು? ತುಂಬಿದ ಬಾಟಲಿ ಹೋಗುತ್ತಿತ್ತು, ಅಕ್ಕಿ ಬರುತ್ತಿತ್ತು, ಇಬ್ಬರೂ ಮತ್ತೊಂದು ವರ್ಷ ಮಾತಾಡದೆ ಇರುತ್ತಿದ್ದರು. (ಇದು ಸಮರ್ಥನೆ ಅಂತೀರಾ? ಹೌದು. ಚಟ.)

ನಿಮ್ಮ ಮನೆಯಲ್ಲೂ ಮಾತು ಬಿಟ್ಟವರಿದ್ದರೆ ತಿಳಿಸಿ, ಬಂದು ನಾಳಿನ ಹವಾಮಾನ ಹೇಳಿ ಹೋಗುತ್ತೇನೆ.